ಒಂದೇ ಗೋದಾಮು, ಎರಡು ಸರಿ ಉತ್ತರ

ಎಂಬಿಎ ಕಾಲೇಜು. ಬೆಳಗ್ಗೆ ಫೈನಾನ್ಸ್ ಕ್ಲಾಸು. ಗೋದಾಮಿನಲ್ಲಿ ಕೂತ ಸರಕು ಅಂದರೆ ಸುಮ್ನೆ ಕೂತ ದುಡ್ಡು, ಅದನ್ನು ಕಡಿಮೆ ಮಾಡಿ ಎನ್ನುತ್ತಾರೆ ಮೇಷ್ಟ್ರು. ಮಧ್ಯಾಹ್ನ ಆಪರೇಷನ್ಸ್, ಅಂದರೆ ಸರಕು ತಯಾರಿಸಿ ತಲುಪಿಸುವುದರ ಕ್ಲಾಸು. ಆಪತ್ತಿಗಿರಲಿ, ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ ಎನ್ನುತ್ತಾರೆ ಇನ್ನೊಬ್ಬರು. ವಿದ್ಯಾರ್ಥಿ ಎರಡನ್ನೂ ಬರೆದುಕೊಳ್ಳುತ್ತಾನೆ, ಎರಡು ಪರೀಕ್ಷೆಯಲ್ಲೂ ಪೂರ್ತಿ ಅಂಕ ತೆಗೆಯುತ್ತಾನೆ. ಎರಡೂ ಒಟ್ಟಿಗೆ ಹೇಗಪ್ಪಾ ಸರಿ ಎಂದು ಯಾರೂ ಅವನನ್ನು ಕೇಳುವುದಿಲ್ಲ.

ಎಂಬಿಎ ಪಠ್ಯಕ್ರಮ ಸಮಿತಿಗಳಲ್ಲಿ ನಾನು ಬಹಳ ವರ್ಷ ಕೂತಿದ್ದೇನೆ. ಪಠ್ಯ ಬದಲಾಗಬೇಕು ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಡೇಟಾದ ಮೇಲೊಂದು ಪೇಪರ್, ಪರಿಸರದ ಮೇಲೊಂದು, ಈಗ ಎಐ ಮೇಲೊಂದು ಸೇರುತ್ತದೆ. ಹಳೆಯದು ಒಂದೂ ಹೋಗುವುದಿಲ್ಲ. ಪ್ರತಿ ಪೇಪರ್ ಹಿಂದೆ ಒಂದು ವಿಭಾಗ, ವಿಭಾಗದ ಹಿಂದೆ ಕೆಲವರ ನೌಕರಿ ಇರುತ್ತದಲ್ವಾ! ನನ್ನ ಲೆಕ್ಕದಲ್ಲಿ ಇದು ತೇಪೆ ಕೆಲಸ.

ವಿಷಯಗಳ ನಡುವೆ ಈ ಗೋಡೆಗಳು ಎದ್ದದ್ದಕ್ಕೂ ಕಾರಣವಿದೆ. 1959ರಲ್ಲಿ ಅಮೆರಿಕದ ಫೋರ್ಡ್ ಫೌಂಡೇಶನ್ ಮತ್ತು ಕಾರ್ನೆಗಿ ಕಾರ್ಪೊರೇಷನ್ ಬೆಂಬಲದ ಎರಡು ವರದಿಗಳು ಬಂದವು. ಬಿಸಿನೆಸ್ ಶಾಲೆಗಳ ಪಾಠ ತೀರಾ ತೆಳು ಎಂದು ಎರಡೂ ಟೀಕಿಸಿದವು. ಗಣಿತ, ಅರ್ಥಶಾಸ್ತ್ರ, ಮನಶ್ಶಾಸ್ತ್ರಕ್ಕೆ ಆಗ ಬಲ ಬಂತು. ಒಳ್ಳೆಯದೇ ಆಯಿತು. ಆದರೆ ಪ್ರತಿ ವಿಷಯವೂ ತನ್ನದೇ ಭಾಷೆ ಬೆಳೆಸಿಕೊಂಡು ಪಕ್ಕದ ಕೋಣೆಯ ಜೊತೆ ಮಾತು ಬಿಟ್ಟಿತು.

2020ರ ಎಲೆಕ್ಟ್ರಾನಿಕ್ ಚಿಪ್ ಕೊರತೆಯನ್ನೇ ನೋಡಿ. ಕೋವಿಡ್ ಶುರುವಾದಾಗ ಮಾರಾಟ ಕುಸಿಯುತ್ತದೆಂದು ಕಾರು ಕಂಪನಿಗಳು ಚಿಪ್ ಆರ್ಡರ್ ಕಡಿತ ಮಾಡಿದವು. ಮನೆಯಲ್ಲೇ ಕೂತ ಜನ ಲ್ಯಾಪ್‌ಟಾಪ್, ಗೇಮ್ ಯಂತ್ರ ಕೊಂಡರು, ಚಿಪ್ ಕಾರ್ಖಾನೆಗಳು ಆ ಕಡೆ ತಿರುಗಿದವು. ಕಾರಿಗೆ ಬೇಡಿಕೆ ಬೇಗನೇ ವಾಪಸ್ ಬಂತು. ಚಿಪ್ ತಯಾರಾಗಲು ಮಾತ್ರ ತಿಂಗಳುಗಟ್ಟಲೆ ಬೇಕು. 2021ರಲ್ಲಿ ಸಣ್ಣ ಚಿಪ್ಪೊಂದು ಸಿಗದೆ ಕಾರು ಕಾರ್ಖಾನೆಗಳು ನಿಂತವು. ಇದು ಯಾವ ಪೇಪರಿನ ಪಾಠ? ಬೇಡಿಕೆಯ ಅಂದಾಜು ಮಾರ್ಕೆಟಿಂಗಿನದು, ಒಪ್ಪಂದ ಕಾನೂನಿನದು, ಚಿಪ್ಪಿಗಾಗಿ ತೈವಾನಿನ ಮೇಲಿನ ಅವಲಂಬನೆ ರಾಜಕೀಯದ್ದು. ಆರ್ಡರ್ ರದ್ದು ಮಾಡಿದ ಮ್ಯಾನೇಜರ್ ತಪ್ಪು ಮಾಡಿದನೇ? ವೆಚ್ಚ ಇಳಿಸಿದ್ದಕ್ಕೆ ಶಹಬ್ಬಾಸ್ ಅನ್ನುವ ಕಂಪನಿಯಲ್ಲಿ ಅವನು ಮಾಡಿದ್ದು ಸರಿಯೇ. ಅಲ್ಲಿಂದಲೇ ಪಾಠ ಶುರುವಾಗಬೇಕು.

ಇದನ್ನೇ ತೋರಿಸಲು ನಾನು ಮೊದಲ ವಾರದಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಬಿಯರ್ ಗೇಮ್’ ಆಡಿಸುತ್ತೇನೆ. ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ, ಹೀಗೆ ನಾಲ್ಕು ಪಾತ್ರ. ಗಿರಾಕಿ ಕಾಣುವುದು ಅಂಗಡಿಯವನಿಗೆ ಮಾತ್ರ. ಉಳಿದವರಿಗೆ ಕಾಣುವುದು ಪಕ್ಕದವನ ಆರ್ಡರ್ ಚೀಟಿ. ಗಿರಾಕಿಯ ಬೇಡಿಕೆ ಒಮ್ಮೆ ಮಾತ್ರ ವಾರಕ್ಕೆ 4 ಪೆಟ್ಟಿಗೆಯಿಂದ 8ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಆದರೂ ಕಾರ್ಖಾನೆ ತಲುಪುವಷ್ಟರಲ್ಲಿ ಆರ್ಡರ್‌ಗಳು ಆಕಾಶಕ್ಕೇರಿ, ಆಮೇಲೆ ಸೊನ್ನೆಗಿಳಿಯುತ್ತವೆ. ಆಟ ಮುಗಿದ ಕೂಡಲೇ ಪ್ರತಿಯೊಬ್ಬರೂ ಪಕ್ಕದವರನ್ನು ಬೈಯುತ್ತಾರೆ. ‘ಗಿರಾಕಿಗೆ ತಲೆ ಕೆಟ್ಟಿದೆ ಸಾರ್’ ಅನ್ನುವವರೂ ಉಂಟು. ಆಗ ಗಿರಾಕಿ ಕೇಳಿದ್ದೆಷ್ಟು ಎಂದು ಬರೆದ ಹಾಳೆ ತೋರಿಸುತ್ತೇನೆ. ಕ್ಲಾಸು ತಣ್ಣಗಾಗುತ್ತದೆ.

ಈ ಗೋಡೆ ಒಡೆಯಲು ಅಮೆರಿಕದ ಯೇಲ್ ಬಿಸಿನೆಸ್ ಶಾಲೆ 2006ರಲ್ಲಿ ಗಟ್ಟಿ ಹೆಜ್ಜೆ ಇಟ್ಟಿತು. ಫೈನಾನ್ಸ್, ಮಾರ್ಕೆಟಿಂಗ್ ಎಂಬ ಹಂಚಿಕೆ ಬಿಟ್ಟು ಗ್ರಾಹಕ, ಹೂಡಿಕೆದಾರ, ಪ್ರತಿಸ್ಪರ್ಧಿ, ನೌಕರ ಎಂದು ಯಾರ ಕಣ್ಣಿನಿಂದ ನೋಡುತ್ತೇವೆ ಎಂಬುದರ ಮೇಲೆ ಮುಖ್ಯ ಪಾಠಗಳನ್ನು ಜೋಡಿಸಿತು. ಹಾಗಂತ ಬುನಾದಿ ಬಿಡಬಾರದು. ಬ್ಯಾಲೆನ್ಸ್ ಶೀಟ್ ಓದಲು ಬಾರದವನು ಜಾಗತಿಕ ವ್ಯಾಪಾರದ ಬಗ್ಗೆ ಬರೀ ಭಾಷಣ ಮಾಡುತ್ತಾನೆ. ಮೊದಲು ಲೆಕ್ಕ ಕಲಿಸಿ, ಆಮೇಲೆ ಗೋಡೆ ಒಡೆಯಿರಿ. ಒಂದೇ ಕ್ಲಾಸಿಗೆ ಇಬ್ಬರು ಮೇಷ್ಟ್ರು ಬಂದರೆ ಯಾರ ಪೀರಿಯಡ್ ಎಂದು ಬರೆಯುವುದು ಎಂಬ ಜಗಳವಂತೂ ಬರುತ್ತದೆ. ಬರಲಿ.

ಎಲ್ಲಕ್ಕಿಂತ ಮೊದಲು ಬದಲಾಗಬೇಕಾದ್ದು ಪ್ರಶ್ನೆಪತ್ರಿಕೆ. ಪರೀಕ್ಷೆಯಲ್ಲಿ ಬಾರದ್ದನ್ನು ಯಾರು ಓದುತ್ತಾರೆ? ಒಮ್ಮೆ ಚಿಪ್ ಪ್ರಕರಣವನ್ನೇ ಕೊಟ್ಟು, ಒಂದೇ ಉತ್ತರವನ್ನು ಫೈನಾನ್ಸ್ ಮತ್ತು ಆಪರೇಷನ್ಸ್ ಮೇಷ್ಟ್ರಿಂದ ಬೇರೆ ಬೇರೆ ತಿದ್ದಿಸಿದೆವು. 20ಕ್ಕೆ ಒಬ್ಬರು 15 ಕೊಟ್ಟರು, ಇನ್ನೊಬ್ಬರು 7. ಇಬ್ಬರೂ ಒಂದು ಗಂಟೆ ವಾದಿಸಿದರು, ಒಪ್ಪಂದವಾಗಲಿಲ್ಲ. ಮುಂದಿನ ವರ್ಷದಿಂದ ಆ ವಾದವನ್ನು ವಿದ್ಯಾರ್ಥಿಗಳ ಮುಂದೆಯೇ ನಡೆಸುತ್ತಿದ್ದೇವೆ.