ಶೂಟಿಂಗ್ ಪರ್ಸೆಂಟೇಜ್ ಒಂದನ್ನೇ ನೋಡಿ ತೀರ್ಪು ಕೊಡಬೇಡಿ

ಪ್ರಶ್ನೆ: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ (ನಾಕೌಟ್ ಹಂತ) ಪಂದ್ಯದಲ್ಲಿ ಯಾವ ತಂಡ, ಯಾವ ಆಟಗಾರ ಚೆನ್ನಾಗಿ ಆಡಿದರು ಎಂಬುದು ಶೂಟಿಂಗ್ ಪರ್ಸೆಂಟೇಜ್ (ಎಸೆದ ಶಾಟ್‌ಗಳಲ್ಲಿ ಬಿದ್ದವು ಶೇಕಡಾ ಎಷ್ಟು) ನೋಡಿದರೆ ಗೊತ್ತಾಗುತ್ತದಲ್ಲವೇ? ಹಾಗಿದ್ದರೆ 2010ರ ಫೈನಲ್ಸ್‌ನ ಏಳನೇ ಪಂದ್ಯದಲ್ಲಿ 24 ಶಾಟ್ ಎಸೆದು 6 ಮಾತ್ರ ಹಾಕಿದ ಲೇಕರ್ಸ್‌ನ ಕೋಬಿ ಬ್ರಯಂಟ್‌ಗೆ ಎಂವಿಪಿ (ಅತ್ಯುತ್ತಮ ಆಟಗಾರ ಪ್ರಶಸ್ತಿ) ಕೊಟ್ಟದ್ದು ಯಾಕೆ?

ಉತ್ತರ: ಗೊತ್ತಾಗುವುದಿಲ್ಲ. ಪ್ಲೇಆಫ್ ಶುರುವಾದರೆ ಸಾಕು, ಇದೇ ಪ್ರಶ್ನೆ ಇದೇ ಪಂದ್ಯವನ್ನು ಹಿಡಿದುಕೊಂಡು ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಆ ಪಂದ್ಯದ ಲೆಕ್ಕವನ್ನೇ ಪೂರ್ತಿ ಬಿಡಿಸಿಡುತ್ತೇನೆ. ದಯವಿಟ್ಟು ಪೆನ್ನು ಹಿಡಿದು ಓದಿ.

ಎಂವಿಪಿ ವಿಷಯವನ್ನು ಮೊದಲು ಮುಗಿಸೋಣ. ಫೈನಲ್ಸ್ ಎಂವಿಪಿ ಒಂದು ಪಂದ್ಯಕ್ಕೆ ಕೊಡುವ ಪ್ರಶಸ್ತಿಯಲ್ಲ, ಇಡೀ ಸರಣಿಗೆ ಕೊಡುವುದು. ಆ ಏಳು ಪಂದ್ಯಗಳಲ್ಲಿ ಬ್ರಯಂಟ್ ಸರಾಸರಿ 28.6 ಪಾಯಿಂಟ್, 8 ರೀಬೌಂಡ್ (ತಪ್ಪಿದ ಶಾಟಿನ ಬಾಲ್ ಹಿಡಿಯುವುದು). ಅಲ್ಲಿಗೆ ಆಯಿತು.

ಈಗ ಏಳನೇ ಪಂದ್ಯ. 2010ರ ಜೂನ್ 17, ಲಾಸ್ ಏಂಜಲೀಸ್. ಲೇಕರ್ಸ್ 83, ಬಾಸ್ಟನ್ ಸೆಲ್ಟಿಕ್ಸ್ 79. ಲೇಕರ್ಸ್ 83 ಶಾಟ್ ಎಸೆದು 27 ಹಾಕಿದರು, ಅಂದರೆ ಶೇ. 32.5. ಸೆಲ್ಟಿಕ್ಸ್ 71 ಎಸೆದು 29 ಹಾಕಿದರು, ಶೇ. 40.8. ಪರ್ಸೆಂಟೇಜ್ ಹೇಳಿದಂತೆ ನಡೆಯುವುದಾದರೆ ಸೆಲ್ಟಿಕ್ಸ್ ಆರಾಮಾಗಿ ಗೆಲ್ಲಬೇಕಿತ್ತು.

"ಫೀಲ್ಡ್ ಗೋಲ್ ಪರ್ಸೆಂಟೇಜ್ ತ್ರೀಗೆ ಬೆಲೆ ಕೊಡುವುದಿಲ್ಲ, ಅದಕ್ಕೇ ಹೀಗೆ" ಎಂದು ಸ್ವಲ್ಪ ತಿಳಿದವರು ಹೇಳುತ್ತಾರೆ. ಫೀಲ್ಡ್ ಗೋಲ್ ಎಂದರೆ ಆಟದ ನಡುವೆ ಎಸೆಯುವ ಶಾಟ್, ತ್ರೀ ಎಂದರೆ ದೂರದಿಂದ ಹಾಕುವ ಮೂರು ಪಾಯಿಂಟಿನ ಶಾಟ್, ಟೂ ಎಂದರೆ ಎರಡು ಪಾಯಿಂಟಿನದು. ಮಾತು ನಿಜ: ಹತ್ತು ತ್ರೀ ಎಸೆದು ನಾಲ್ಕು ಹಾಕಿದರೆ 12 ಪಾಯಿಂಟ್, ಹತ್ತು ಟೂ ಎಸೆದು ಐದು ಹಾಕಿದರೆ 10 ಪಾಯಿಂಟ್ ಅಷ್ಟೇ. ಆದರೆ ಈ ಪಂದ್ಯಕ್ಕೆ ಆ ಉತ್ತರ ಹೊಂದುವುದಿಲ್ಲ. ಬಿದ್ದ ಪ್ರತಿ ತ್ರೀಗೆ ಅರ್ಧ ಶಾಟ್ ಹೆಚ್ಚುವರಿಯಾಗಿ ಸೇರಿಸಿ, ಒಟ್ಟು ಶಾಟ್‌ಗಳಿಂದ ಭಾಗಿಸಿ; ಇದೇ ಎಫೆಕ್ಟಿವ್ ಫೀಲ್ಡ್ ಗೋಲ್. ಲೇಕರ್ಸ್‌ಗೆ ಬಿದ್ದ ತ್ರೀ 4: 27ಕ್ಕೆ 2 ಸೇರಿ 29, ಭಾಗಿಸು 83, ಶೇ. 34.9. ಸೆಲ್ಟಿಕ್ಸ್‌ಗೆ 6: 29ಕ್ಕೆ 3 ಸೇರಿ 32, ಭಾಗಿಸು 71, ಶೇ. 45.1. ಅಂತರ ಕಡಿಮೆಯಾಗಲಿಲ್ಲ, ಇನ್ನೂ ಹಿಗ್ಗಿತು. ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಒಂದು ಪಾಯಿಂಟಿನ ಎಸೆತ) ಸೇರಿಸಿ ಟ್ರೂ ಶೂಟಿಂಗ್ (ಲೆಕ್ಕ ಹಾಕುವ ವಿಧಾನ ಕೆಳಗಿದೆ) ತೆಗೆದರೂ ಲೇಕರ್ಸ್ ಶೇ. 41.8, ಸೆಲ್ಟಿಕ್ಸ್ ಶೇ. 50.3. ಶೂಟಿಂಗನ್ನು ಯಾವ ಕಡೆಯಿಂದ ಅಳೆದರೂ ಸೋತ ತಂಡವೇ ಮುಂದಿದೆ.

ಹಾಗಾದರೆ ಗೆಲುವು ಎಲ್ಲಿಂದ ಬಂತು? ಕೂಡಿ ಕಳೆದು ನೋಡಿ. ಶಾಟ್‌ಗಳಿಂದ ಸೆಲ್ಟಿಕ್ಸ್‌ಗೆ 64 ಪಾಯಿಂಟ್, ಲೇಕರ್ಸ್‌ಗೆ 58. ಅಲ್ಲಿ ಸೆಲ್ಟಿಕ್ಸ್ ಆರರಿಂದ ಮುಂದೆ. ಫ್ರೀ ಥ್ರೋನಲ್ಲಿ ಲೇಕರ್ಸ್ 37ಕ್ಕೆ 25, ಸೆಲ್ಟಿಕ್ಸ್ 17ಕ್ಕೆ 15. ಇಲ್ಲಿ ಲೇಕರ್ಸ್ ಹತ್ತರಿಂದ ಮುಂದೆ. ಹತ್ತರಲ್ಲಿ ಆರು ಹೋದರೆ ನಾಲ್ಕು. ಅದೇ ಗೆಲುವಿನ ಅಂತರ.

ಇಷ್ಟಕ್ಕೇ ನಿಲ್ಲಿಸಿ "ರೆಫರಿಗಳು ಗೆಲ್ಲಿಸಿದರು" ಎಂದು ಹೊರಟುಬಿಡುವವರು ಬಹಳ. ನಿಲ್ಲಿ, ಇನ್ನೊಂದು ಅಂಕಿ ಇದೆ, ಮುಖ್ಯವಾದದ್ದೇ ಅದು. ಲೇಕರ್ಸ್ 12 ಶಾಟ್ ಹೆಚ್ಚು ಎಸೆದಿದ್ದಾರೆ. ಬಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡದ ಪೊಸೆಷನ್ (ಬಾಲ್ ಕೈಯಲ್ಲಿರುವ ಸರದಿ) ಮುಗಿದರೆ ಬಾಲ್ ಇನ್ನೊಂದು ತಂಡಕ್ಕೆ ಹೋಗಲೇಬೇಕು, ಆದ್ದರಿಂದ ಇಬ್ಬರಿಗೂ ಸಿಗುವ ಪೊಸೆಷನ್ ಹೆಚ್ಚುಕಡಿಮೆ ಸಮ. ಆ ಪಂದ್ಯದಲ್ಲಿ ತಲಾ 90ಕ್ಕೂ ಕಡಿಮೆ. ಸಮ ಪೊಸೆಷನ್‌ನಲ್ಲಿ 12 ಶಾಟ್ ಹೆಚ್ಚು ಬರಬೇಕಾದರೆ ಮುಖ್ಯವಾಗಿ ಇರುವುದು ಎರಡು ದಾರಿ: ಬಾಲ್ ಕಳೆದುಕೊಳ್ಳದೆ ಇರುವುದು, ಇಲ್ಲವೇ ತಪ್ಪಿದ ಶಾಟನ್ನು ಮತ್ತೆ ತಾವೇ ಹಿಡಿಯುವುದು. ಹೀಗೆ ತಮ್ಮದೇ ತಪ್ಪಿದ ಶಾಟನ್ನು ಹಿಡಿದರೆ ಅದು ಆಫೆನ್ಸಿವ್ ರೀಬೌಂಡ್, ಎದುರಾಳಿಯದನ್ನು ಹಿಡಿದರೆ ಡಿಫೆನ್ಸಿವ್. ಲೇಕರ್ಸ್ ಹಿಡಿದ ಆಫೆನ್ಸಿವ್ ರೀಬೌಂಡ್ 23. ಸೆಲ್ಟಿಕ್ಸ್ ಹಿಡಿದದ್ದು 8.

ರೀಬೌಂಡನ್ನೂ ಬರಿಯ ಸಂಖ್ಯೆಯಾಗಿ ಓದಬಾರದು. ಹೆಚ್ಚು ತಪ್ಪಿದರೆ ಹಿಡಿಯಲು ಬಾಲ್‌ಗಳೂ ಹೆಚ್ಚು ಸಿಗುತ್ತವೆ. ಆದ್ದರಿಂದ ನಮ್ಮ ಆಫೆನ್ಸಿವ್ ರೀಬೌಂಡಿಗೆ ಎದುರಾಳಿಯ ಡಿಫೆನ್ಸಿವ್ ರೀಬೌಂಡ್ ಕೂಡಿಸಿ, ಅದರಿಂದ ಭಾಗಿಸಿ. ಲೇಕರ್ಸ್ 23 ಭಾಗಿಸು 55, ಶೇ. 41.8. ಸೆಲ್ಟಿಕ್ಸ್ 8 ಭಾಗಿಸು 38, ಶೇ. 21. ಎನ್‌ಬಿಎಯಲ್ಲಿ ಸಾಮಾನ್ಯವಾಗಿ ನಾಲ್ಕು ತಪ್ಪಿದರೆ ಒಂದು ವಾಪಸ್ ಸಿಗುತ್ತದೆ. ಆ ರಾತ್ರಿ ಲೇಕರ್ಸ್‌ಗೆ ಐದರಲ್ಲಿ ಎರಡು ಸಿಕ್ಕವು. ಅದೇ ಕೆಟ್ಟ ಶೂಟಿಂಗ್‌ನಲ್ಲಿ ಅವರು 71 ಶಾಟ್ ಮಾತ್ರ ಎಸೆದಿದ್ದರೆ ಶಾಟ್‌ಗಳಿಂದ ಸುಮಾರು 50 ಪಾಯಿಂಟ್ ಬರುತ್ತಿತ್ತು, ಕಪ್ ಬಾಸ್ಟನ್‌ಗೆ ಹೋಗುತ್ತಿತ್ತು.

ಇದರ ಕಾರಣ ಬಾಕ್ಸ್ ಸ್ಕೋರ್‌ (ಪಂದ್ಯದ ಅಂಕಿಅಂಶಗಳ ಪಟ್ಟಿ) ನಲ್ಲಿಲ್ಲ, ಹಿಂದಿನ ಪಂದ್ಯದಲ್ಲಿದೆ. ಸೆಲ್ಟಿಕ್ಸ್‌ನ ಸೆಂಟರ್ ಕೆಂಡ್ರಿಕ್ ಪರ್ಕಿನ್ಸ್ ಆರನೇ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಗುಳಿದ. ಬಾಕ್ಸ್ ಔಟ್ ಮಾಡಿ (ಎದುರಾಳಿಯನ್ನು ದೇಹದಿಂದ ತಡೆದು) ರಿಂಗ್ ಕೆಳಗಿನ ಜಾಗ ಕಾಯುತ್ತಿದ್ದ ದೇಹ ಅದು. ಅವನ ಬದಲು ಶುರುವಿಗೆ ಇಳಿದ ರಶೀದ್ ವಾಲೇಸ್‌ಗೆ ಆಗ 35 ವರ್ಷ. ಲೇಕರ್ಸ್‌ನ ಪಾವ್ ಗಸೋಲ್ ಹಿಡಿದ 18 ರೀಬೌಂಡ್‌ಗಳಲ್ಲಿ 9 ಆಫೆನ್ಸಿವ್ ಆದದ್ದಕ್ಕೆ ಈ ಖಾಲಿ ಜಾಗದ ಪಾಲೂ ಇದೆ. ಗಸೋಲ್ ಶೂಟಿಂಗ್ 16ಕ್ಕೆ 6. ಪರ್ಸೆಂಟೇಜ್ ನೋಡುವವರು ಅವನನ್ನೂ ಫ್ಲಾಪ್ ಪಟ್ಟಿಗೆ ಸೇರಿಸುತ್ತಾರೆ. ಆ ಪಂದ್ಯದ ನಿಜವಾದ ಆಟಗಾರ ಅವನೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅವನ ಪಕ್ಕದಲ್ಲಿ 20 ಪಾಯಿಂಟ್, 5 ಸ್ಟೀಲ್ (ಎದುರಾಳಿಯಿಂದ ಬಾಲ್ ಕಸಿಯುವುದು) ಮಾಡಿದ ಲೇಕರ್ಸ್‌ನ ರಾನ್ ಆರ್ಟೆಸ್ಟ್.

ಬ್ರಯಂಟ್ ಹಾಗಾದರೆ? ಅಭಿಮಾನಿಗಳಿಗೆ ಬೇಸರವಾದರೂ ಸರಿ, ಅವನ ಶೂಟಿಂಗ್ ಕೆಟ್ಟದಾಗಿಯೇ ಇತ್ತು. ತ್ರೀನಲ್ಲಿ 6ಕ್ಕೆ ಸೊನ್ನೆ, ಫ್ರೀ ಥ್ರೋ 15ಕ್ಕೆ 11, ಒಟ್ಟು 23 ಪಾಯಿಂಟ್. ಟ್ರೂ ಶೂಟಿಂಗ್ ತೆಗೆಯಲು ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಶಾಟ್‌ಗಳಿಗೆ ಕೂಡಿಸಿ. 24ಕ್ಕೆ 6.6 ಸೇರಿ 30.6. ಅದರ ಎರಡರಷ್ಟರಿಂದ ಪಾಯಿಂಟ್ ಭಾಗಿಸಿದರೆ ಶೇ. 37.6. ಆಗಿನ ಎನ್‌ಬಿಎ ಸರಾಸರಿ ಶೇ. 54ರ ಆಸುಪಾಸು. 0.44 ಏಕೆ, 0.5 ಏಕಲ್ಲ ಎಂದರೆ, ಫ್ರೀ ಥ್ರೋಗಳೆಲ್ಲ ಜೋಡಿಯಾಗಿ ಬರುವುದಿಲ್ಲ. ಬಾಸ್ಕೆಟ್ ಬಿದ್ದು ಫೌಲ್ ಆದಾಗಲೂ ಟೆಕ್ನಿಕಲ್ ಫೌಲ್‌ಗೂ ಒಂದೊಂದೇ ಸಿಗುತ್ತದೆ. ಇಷ್ಟಾದರೂ, ರಿಂಗ್‌ನಿಂದ ದೂರ ಆಡುವ ಗಾರ್ಡ್ ಆಗಿದ್ದೂ, ಅವನು 15 ರೀಬೌಂಡ್ ಹಿಡಿದ. ಕೈ ಕೂಡದ ರಾತ್ರಿ ಬೇರೆ ಕೆಲಸ ಮಾಡಿದ ಆಟಗಾರ ಎನ್ನಿ, ಅದು ನ್ಯಾಯ.

ಇದನ್ನೆಲ್ಲ ನಾಲ್ಕು ಅಂಶಗಳಾಗಿ ಜೋಡಿಸಿಕೊಟ್ಟವರು ಬಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್: ಶೂಟಿಂಗ್, ಟರ್ನೋವರ್ (ಶಾಟ್ ಎಸೆಯದೆ ಬಾಲ್ ಕಳೆದುಕೊಳ್ಳುವುದು), ಆಫೆನ್ಸಿವ್ ರೀಬೌಂಡ್, ಫ್ರೀ ಥ್ರೋ. ಅವರು ಕೊಟ್ಟ ತೂಕ ಸರಿಸುಮಾರು 40, 25, 20, 15. ಶೂಟಿಂಗ್ ದೊಡ್ಡದು, ನಿಜ. ಆದರೆ ಉಳಿದ 60 ಬೇರೆ ಕಡೆ ಇದೆ.

ಪ್ಲಸ್-ಮೈನಸ್ (ಆಟಗಾರ ಅಂಗಳದಲ್ಲಿದ್ದಾಗ ಎರಡು ತಂಡಗಳ ಪಾಯಿಂಟಿನ ವ್ಯತ್ಯಾಸ) ನೋಡಿದರೆ ಸಾಕಲ್ಲವೇ ಎಂದರೆ, ಒಂದು ಪಂದ್ಯಕ್ಕೆ ಸಾಲದು. ಬೆಂಚಿನಿಂದ ಬಂದವನು 12 ನಿಮಿಷ ಅಂಗಳದಲ್ಲಿದ್ದಾಗ ಜೊತೆಗಾರನ ನಾಲ್ಕು ತ್ರೀ ಬಿದ್ದರೆ ಇವನ ಲೆಕ್ಕಕ್ಕೂ 12 ಸೇರುತ್ತದೆ, ಇವನು ಬಾಲ್ ಮುಟ್ಟದಿದ್ದರೂ.

ನಮ್ಮ ಊರಿನ ಟೂರ್ನಿಗಳಲ್ಲಿ ಇದೇ ಲೆಕ್ಕ ಹಾಕುವವರಿಗೆ ಒಂದು ಮಾತು. ಟೇಬಲ್‌ನಲ್ಲಿ ಬರೆಯುವ ಫೀಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ಸ್ಕೋರ್ ಶೀಟ್‌ನಿಂದ ಇದು ಆಗದು. ಅದರಲ್ಲಿ ಬಿದ್ದ ಶಾಟ್ ಇದೆ, ತಪ್ಪಿದ್ದು ಇಲ್ಲ. ಪಕ್ಕದಲ್ಲಿ ಇಬ್ಬರು ಬೇರೆ ಕೂರಬೇಕು: ಒಬ್ಬರು ಆಟದಿಂದ ಕಣ್ಣು ತೆಗೆಯದೆ ಕೂಗಿ ಹೇಳಬೇಕು, ಇನ್ನೊಬ್ಬರು ತಲೆ ಎತ್ತದೆ ಬರೆಯಬೇಕು. ಒಬ್ಬರೇ ಎರಡೂ ಮಾಡಹೋದರೆ ಮೊದಲು ಕಳೆದುಹೋಗುವುದು ರೀಬೌಂಡ್. ಶಾಟ್ ಎಸೆಯುವಾಗ ಫೌಲ್ ಆಗಿ ಬಾಲ್ ಬೀಳದಿದ್ದರೆ ಅದನ್ನು ಶಾಟ್ ಎಂದು ಬರೆಯಬೇಡಿ, ಫ್ರೀ ಥ್ರೋ ಮಾತ್ರ ಬರೆಯಿರಿ. ಬ್ಲಾಕ್ ಆದದ್ದು ಶಾಟ್ ಲೆಕ್ಕಕ್ಕೆ ಬರುತ್ತದೆ. ರಿಂಗ್ ಹತ್ತಿರ ತಟ್ಟಿ ಹಾಕಲು ಹೋಗಿ ತಪ್ಪಿದರೆ ಒಂದು ಆಫೆನ್ಸಿವ್ ರೀಬೌಂಡ್, ಒಂದು ಶಾಟ್, ಎರಡೂ. ತಪ್ಪಿದ ಬಾಲ್ ಎದುರಾಳಿಯ ಕೈಗೆ ತಗುಲಿ ಹೊರಗೆ ಹೋದರೆ ತಂಡದ ಹೆಸರಿನಲ್ಲಿ ಒಂದು ಆಫೆನ್ಸಿವ್ ರೀಬೌಂಡ್. ಬಹಳ ಜನ ಬಿಡುವುದು ಇದನ್ನೇ. ಪಂದ್ಯ ಮುಗಿದ ಮೇಲೆ ಎರಡೂ ತಂಡಕ್ಕೆ ಹೀಗೆ ಮಾಡಿ: ಶಾಟ್‌ಗಳಲ್ಲಿ ಆಫೆನ್ಸಿವ್ ರೀಬೌಂಡ್ ಕಳೆಯಿರಿ, ಟರ್ನೋವರ್ ಕೂಡಿಸಿ, ಫ್ರೀ ಥ್ರೋಗಳ 0.44 ಪಾಲು ಕೂಡಿಸಿ. ಬರುವುದು ಪೊಸೆಷನ್. ಎರಡು ತಂಡಗಳ ನಡುವೆ ವ್ಯತ್ಯಾಸ ಮೂರು ದಾಟಿದರೆ ಮೊದಲು ಟರ್ನೋವರ್ ಕಾಲಂ, ಆಮೇಲೆ ತಂಡದ ರೀಬೌಂಡ್ ನೋಡಿ.