ಮೆಮೊರಿ ಅಂದರೆ ಯಾವುದು?

ದಾವಣಗೆರೆಯ ಪಿ.ಜೆ. ಬಡಾವಣೆ ಕಡೆ ಅಂಗಡಿಯೊಂದರ ಮುಂದೆ '512 ಜಿಬಿ ಮೆಮೊರಿ ಲ್ಯಾಪ್‌ಟಾಪ್' ಅಂತ ಬೋರ್ಡು ನೇತಾಡುತ್ತಿದೆ. ಪಕ್ಕದ ಮನೆಯ ಹುಡುಗ ಅದನ್ನೇ ನಂಬಿ ಒಂದು ತಂದ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಯಂತ್ರಕ್ಕೆ ಏದುಸಿರು. ನೋಡಿದರೆ ರ‍್ಯಾಮ್ (ಕೆಲಸ ನಡೆಯುವಾಗ ಡೇಟಾ ಹಿಡಿದಿಡುವ ಜಾಗ) ಇರುವುದು ಬರೀ 4 ಜಿಬಿ. 512 ಅಂದದ್ದು ಫೈಲುಗಳನ್ನು ಕಾಯಂ ಇಡುವ ಎಸ್‌ಎಸ್‌ಡಿ. 'ಎರಡೂ ಮೆಮೊರಿನೇ ಬಿಡ್ರೀ' ಅಂದರಂತೆ ಅಂಗಡಿಯವರು.

ಅಲ್ಲ ಕಣ್ರೀ. ಮಂಡಿಪೇಟೆಯ ಯಾವ ವ್ಯಾಪಾರಿಯನ್ನಾದರೂ ಕೇಳಿ, ಗೋದಾಮು ಬೇರೆ, ಗಲ್ಲೆಯ ಮುಂದಿನ ಹಲಗೆ ಬೇರೆ. ಗೋದಾಮು ಎಷ್ಟೇ ದೊಡ್ಡದಿರಲಿ, ಹಲಗೆ ಅಂಗೈಯಗಲ ಇದ್ದರೆ ಗಿರಾಕಿ ಕಾಯಲೇಬೇಕು. ಎಸ್‌ಎಸ್‌ಡಿ ಗೋದಾಮು, ರ‍್ಯಾಮ್ ಹಲಗೆ. ಕರೆಂಟ್ ಹೋದರೆ ಹಲಗೆ ಖಾಲಿ. ಅದರ ಒಂದೊಂದು ಬಿಟ್ (0 ಅಥವಾ 1 ಎಂಬ ಗುರುತು) ಕೂಡ ಪುಟ್ಟ ಕೆಪಾಸಿಟರಿನಲ್ಲಿ, ಅಂದರೆ ವಿದ್ಯುತ್ತು ಹಿಡಿದಿಡುವ ಕಿರುಭಾಗದಲ್ಲಿ, ನಿಂತ ವಿದ್ಯುದಂಶ; ಸೋರಿಹೋಗುತ್ತಲೇ ಇರುತ್ತದೆ, ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಮತ್ತೆ ತುಂಬಬೇಕು. ಇಷ್ಟು ಮರೆಗುಳಿಯಾದದ್ದಕ್ಕೆ 'ನೆನಪು' ಅಂತ ಹೆಸರು!

ಇನ್ನು ರ‍್ಯಾಮ್‌ನ ಮೊದಲಕ್ಷರದ 'ರ‍್ಯಾಂಡಮ್'. ಪೂರ್ತಿ ಹೆಸರು 'ರ‍್ಯಾಂಡಮ್ ಆಕ್ಸೆಸ್ ಮೆಮೊರಿ'. ಈ 'ರ‍್ಯಾಂಡಮ್'ಗೆ ನಮ್ಮಲ್ಲಿ 'ಯಾದೃಚ್ಛಿಕ' ಎಂಬ ಅನುವಾದ ಓಡಾಡುತ್ತಿದೆ. ಯದೃಚ್ಛೆ ಅಂದರೆ ಆಕಸ್ಮಿಕ, ತಾನಾಗಿ ಒದಗಿದ್ದು. ಕಂಪ್ಯೂಟರೇನು ಲಾಟರಿ ಎತ್ತುತ್ತದೆಯೇ? ಬೇಕಾದ ಜಾಗಕ್ಕೇ ಕರಾರುವಾಕ್ಕಾಗಿ ಹೋಗುತ್ತದೆ. ಪದದ ಅರ್ಥ ತಿಳಿಯುವುದು ಟೇಪಿಗೆ ಎದುರಾಗಿಟ್ಟು ನೋಡಿದರೆ. ಕ್ಯಾಸೆಟ್ಟಿನ ಐದನೇ ಹಾಡು ಬೇಕೆಂದರೆ ಮೊದಲ ನಾಲ್ಕನ್ನು ಸುತ್ತಿಸಬೇಕಿತ್ತಲ್ಲ? ಅಟ್ಟಿ ಹಾಕಿದ ಮೆಕ್ಕೆಜೋಳದ ಚೀಲಗಳೂ ಹಾಗೇ: ಅಡಿಯದು ಬೇಕಾದರೆ ಮೇಲಿನವನ್ನು ಇಳಿಸಬೇಕು. ರ‍್ಯಾಮ್‌ನಲ್ಲಿ ಆ ಗೋಳಿಲ್ಲ. ಹಿಂದಿನವನ್ನೆಲ್ಲ ದಾಟದೆ ಯಾವ ಮನೆಗಾದರೂ ನೇರ ಕೈ ಹಾಕಬಹುದು, ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ. 'ಬೇಕಾದೆಡೆ' ಅಂದಿದ್ದರೆ ಸಾಕಿತ್ತು. ಸಂಸ್ಕೃತದ ಭಾರಕ್ಕೆ ಅರ್ಥವೇ ಜಾರಿತು. 'ರ‍್ಯಾಮ್ ಮೆಮೊರಿ' ಅನ್ನುವವರ ಗೊಡವೆ ಬೇಡ, ನಾವು 'ನಡುಮಧ್ಯೆ' ಅನ್ನುವ ಜನ.

ವೇಗದ ಅಂಕಿಯಲ್ಲೂ ಇದೇ ಸಡಿಲು. ಡಿಡಿಆರ್4-3200 ಎಂಬ ಬಗೆಯ ರ‍್ಯಾಮನ್ನು '3200 ಮೆಗಾಹರ್ಟ್ಸ್' ಅಂತ ಮಾರುತ್ತಾರೆ. ಅದಕ್ಕೆ ತಾಳ ಹಾಕುವ ಒಳಗಿನ ಗಡಿಯಾರದ ಬಡಿತ 1600 ಮೆಗಾಹರ್ಟ್ಸ್ ಮಾತ್ರ. ಒಂದು ಬಡಿತಕ್ಕೆ ಎರಡು ಸಲ ಡೇಟಾ ಸಾಗುವುದರಿಂದ 3200. ಡಿಡಿಆರ್ ಅಂದರೆ 'ಡಬಲ್ ಡೇಟಾ ರೇಟ್'. ಹೆಸರಿನಲ್ಲೇ 'ಡಬಲ್' ಇದೆ, ಓದಬೇಕಷ್ಟೆ.

ಕೊಳ್ಳುವವರು ಡಿಡಿಆರ್4ನ್ನು ಅದರ ಮುಂದಿನ ಪೀಳಿಗೆಯ ಡಿಡಿಆರ್5 ಸ್ಲಾಟಿಗೆ ತುರುಕಲು ಹೋಗಬೇಡಿ. ಡೆಸ್ಕ್‌ಟಾಪಿನಲ್ಲಿ ಎರಡಕ್ಕೂ 288 ಪಿನ್ನೇ, ಆದರೆ ಕಚ್ಚಿನ ಜಾಗ ಬೇರೆ. ಪತ್ರ ಟೈಪಿಸಿ ಲೆಕ್ಕ ಬರೆಯುವವರಿಗೆ 8 ಜಿಬಿ ನಡೆಯುತ್ತದೆ. ಹೊಸದಾಗಿ ದುಡ್ಡು ಹಾಕುವವರಿಗೆ 16 ಎನ್ನುತ್ತೇನೆ. ಅದೂ ಒಂದೇ ಕಡ್ಡಿಗಿಂತ 8ರ ಜೋಡಿ ಮೇಲು, ಎರಡು ಚಾನೆಲ್ಲಿನಲ್ಲೂ (ಡೇಟಾ ಓಡಾಡುವ ದಾರಿ) ಡೇಟಾ ಹರಿಯುತ್ತದೆ. ಲ್ಯಾಪ್‌ಟಾಪ್ ಆದರೆ ರ‍್ಯಾಮ್ ಬೋರ್ಡಿಗೇ ಬೆಸೆದದ್ದೋ, ಸ್ಲಾಟಿನಲ್ಲಿದೆಯೋ ಎಂದು ಮೊದಲೇ ಕೇಳಿ. ಬೆಸೆದಿದ್ದು, ಬೇರೆ ಸ್ಲಾಟೂ ಇಲ್ಲದಿದ್ದರೆ ಆಮೇಲೆ ಹೆಚ್ಚಿಸುವ ಮಾತೇ ಇಲ್ಲ.

ನಮ್ಮ ಹುಡುಗನದು ಬೆಸೆದದ್ದೇ.