ಡೀಸೆಲ್ ಲಾರಿಯ ಸ್ಟಾರ್ಟಿಂಗ್ ತೊಂದರೆ, ಐಡ್ಲಿಂಗ್ ಏರುಪೇರು: ಹೀರುವ ಬದಿಯ ಗಾಳಿಯ ಬಗ್ಗೆ

ಸ್ಟಾರ್ಟಿಂಗ್ ತೊಂದರೆ ಎಂದೊಡನೆ ನಮ್ಮಲ್ಲಿ ಹಲವರು ಮೊದಲು ಚಳಿಯಲ್ಲಿ ಎಂಜಿನ್‌ಗೆ ಬಿಸಿ ಕೊಡುವ ಹೀಟರ್ ಅಥವಾ ಗ್ಲೋ ಪ್ಲಗ್‌ನತ್ತ ನೋಡುತ್ತೇವೆ. ಆದರೆ ಮಂಗಳೂರಿನಲ್ಲಿ ಜನವರಿಯ ಮುಂಜಾನೆಯೂ ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ, ಬೈಕಂಪಾಡಿಯಲ್ಲಿ ರಾತ್ರಿ ನಿಲ್ಲಿಸಿದ ಲಾರಿ ಬೆಳಗ್ಗೆ ಹಟ ಹಿಡಿದರೆ, ಚಳಿಗಿಂತ ಹೆಚ್ಚಾಗಿ ಅದು ಎಷ್ಟು ಹೊತ್ತು ನಿಂತಿತ್ತು ಎಂಬುದನ್ನೇ ಸಂಶಯಿಸಬೇಕು. ಪಣಂಬೂರಿನಲ್ಲಿ ಲೋಡಿಗಾಗಿ ಹಗಲಿಡೀ ಕಾದು ಸಂಜೆ ಹೊರಡುವಾಗಲೂ ಇದೇ ತಕರಾರು ಇದೆಯೇ ಎಂದು ಚಾಲಕರನ್ನು ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ಬ್ಯಾಟರಿಯ ವಿಷಯ ಸರಳ. 24 ವೋಲ್ಟ್‌ನ ಲಾರಿಯಲ್ಲಿ ಸೆಲ್ಫ್ (ಸ್ಟಾರ್ಟರ್ ಮೋಟರ್) ತಿರುಗುವಾಗ ವೋಲ್ಟೇಜ್ ಸುಮಾರು 19ಕ್ಕಿಂತ ಕೆಳಗಿಳಿದರೆ ಮೊದಲು ಬ್ಯಾಟರಿ ಮತ್ತು ಅರ್ತ್ ಟರ್ಮಿನಲ್‌ಗಳನ್ನು ನೋಡಬೇಕು. ಕಡಲ ಗಾಳಿಗೆ ಅರ್ತ್ ಟರ್ಮಿನಲ್ ಬೇಗ ಕಿಲುಬು ಹಿಡಿಯುತ್ತದೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಸೈಲೆನ್ಸರ್‌ನಲ್ಲಿ ಹೊಗೆಯೇ ಕಾಣದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ತಲುಪಿಯೂ ಉರಿಯುತ್ತಿಲ್ಲ.

ಹೊರಗೆ ಸೋರದ ಸೋರಿಕೆ

ನನ್ನನ್ನು ಬಹಳ ಕಾಡಿದ ಪ್ರಶ್ನೆ ಇದು: ಪೈಪಿನಲ್ಲಿ ಎಲ್ಲಿಯೂ ಡೀಸೆಲ್ ಹನಿಯದಿದ್ದರೂ ಒಳಗೆ ಗಾಳಿ ಹೇಗೆ ಸೇರುತ್ತದೆ? ಟ್ಯಾಂಕಿನಿಂದ, ಡೀಸೆಲ್ ಎಳೆಯುವ ಫೀಡ್ ಪಂಪಿನವರೆಗಿನ ಪೈಪಿನಲ್ಲಿ, ಅಂದರೆ ಹೀರುವ ಬದಿಯಲ್ಲಿ, ಎಂಜಿನ್ ಓಡುವಾಗ ಒತ್ತಡವು ಹೊರಗಿನ ವಾತಾವರಣಕ್ಕಿಂತ ಕಡಿಮೆಯಿರುತ್ತದೆ. ಸಣ್ಣ ಬಿರುಕಿರುವ ಸ್ಟ್ರಾದಲ್ಲಿ ಎಳನೀರು ಹೀರಿದರೆ ಹೊರಗೆ ಹನಿ ಬೀಳದೆ ಬಾಯಿಗೆ ಗಾಳಿಯೇ ಬರುವಂತೆ, ಸಡಿಲ ಕ್ಲಿಪ್ಪು, ಒಣಗಿದ ಹೋಸು ಅಥವಾ ಪೈಪನ್ನು ಬಿಗಿಯುವ ಬ್ಯಾಂಜೋ ಬೋಲ್ಟಿನ ಹಳೆಯ ತಾಮ್ರದ ವಾಷರಿನ ಮೂಲಕ ಗಾಳಿ ಒಳಸೇರುತ್ತದೆ. ಎಂಜಿನ್ ನಿಂತ ಮೇಲೆ ಅದೇ ರಂಧ್ರದಿಂದ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಮರಳುತ್ತದೆ; ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದರೆ ಇನ್ನೂ ಬೇಗ. ಬೆಳಗ್ಗೆ ಪಂಪಿಗೆ ಮೊದಲು ಸಿಗುವುದು ಗಾಳಿ. ಗಾಳಿ ಕುಗ್ಗುವ ವಸ್ತುವಾದ್ದರಿಂದ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ನಾಝಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ಕೈಯಿಂದ ಒತ್ತಿ ಡೀಸೆಲ್ ಏರಿಸುವ ಹ್ಯಾಂಡ್ ಪ್ರೈಮರ್ ಫೀಡ್ ಪಂಪಿನ ಮೇಲೆಯೇ ಇರುವ ಎಂಜಿನ್‌ಗಳಲ್ಲಿ, ಪ್ರೈಮರ್ ಒತ್ತಿದಾಗ ಒತ್ತಡ ಏರುವುದು ಪಂಪಿನಿಂದ ಮುಂದಕ್ಕೆ, ಅಂದರೆ ಫಿಲ್ಟರಿನ ಕಡೆಗೆ ಮಾತ್ರ. ಅಲ್ಲಿ ಹನಿಯದಿದ್ದರೆ ಟ್ಯಾಂಕಿನ ಕಡೆಯ ಪೈಪು ಸರಿಯಿದೆ ಎಂದು ಅರ್ಥವಲ್ಲ. ಆದ್ದರಿಂದ ನನಗೆ ಅತ್ಯಂತ ನಂಬಿಕೆಯ ಪರೀಕ್ಷೆ ಕ್ಯಾನಿನದು: ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿಟ್ಟು, ಬೇರೊಂದು ಹೋಸಿನಿಂದ ನೇರವಾಗಿ ಪಂಪಿಗೆ ಜೋಡಿಸಿ, ಗಾಳಿ ತೆಗೆದು, ಮೊದಲಿನಷ್ಟೇ ಹೊತ್ತು ನಿಲ್ಲಿಸಿ ಸ್ಟಾರ್ಟ್ ಮಾಡಬೇಕು. ಒಂದೇ ಸೆಲ್ಫಿಗೆ ಎಂಜಿನ್ ಸ್ಟಾರ್ಟ್ ಆದರೆ ದೋಷ ಟ್ಯಾಂಕಿಗೂ ಪಂಪಿಗೂ ನಡುವೆ ಇದೆ. ಇಷ್ಟು ಅಗ್ಗದ ಪರೀಕ್ಷೆಯನ್ನು ಬಿಟ್ಟು ಇಂಜೆಕ್ಟರ್ ಬಿಚ್ಚುವುದು ಮಾಲೀಕರ ಹಣಕ್ಕೆ ಮಾಡುವ ಅನ್ಯಾಯ.

ಐಡ್ಲಿಂಗ್ ಏರುಪೇರು

ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಪ್ರತಿ ಸ್ಟ್ರೋಕಿಗೆ ಹೋಗುವ ಡೀಸೆಲ್ ಬಹಳ ಅಲ್ಪವಾದ್ದರಿಂದ ಸಣ್ಣ ಗುಳ್ಳೆಯೂ ಅದರಲ್ಲಿ ದೊಡ್ಡ ಪಾಲಾಗುತ್ತದೆ. ಆಗ ಮಿಸ್ಸಿಂಗ್ (ಸಿಲಿಂಡರ್ ಉರಿಯದೆ ತಪ್ಪುವುದು) ಒಂದೇ ಸಿಲಿಂಡರಿನಲ್ಲಿ ನಿಲ್ಲದೆ ಅಲ್ಲಲ್ಲಿ ಬರುತ್ತದೆ. ಯಾವಾಗಲೂ ಒಂದೇ ಸಿಲಿಂಡರ್ ಸೋತರೆ ಇಂಜೆಕ್ಟರ್, ವಾಲ್ವ್ ಅಥವಾ ಕಂಪ್ರೆಷನ್ ನೋಡಬೇಕು. ಹಳೆಯ ಮಾದರಿಯ ಪಂಪಿನ ಎಂಜಿನ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸುತ್ತ ಹೋದರೆ, ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಸೋತ ಸಿಲಿಂಡರ್. ಕಾಮನ್ ರೈಲ್ ಎಂಜಿನ್‌ನಲ್ಲಿ (ಭಾರಿ ಒತ್ತಡದ ಡೀಸೆಲ್ ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಹೋಗುವಂಥದ್ದು) ಹೀಗೆ ಮಾಡಲೇಬಾರದು. ಅಲ್ಲಿನ ಒತ್ತಡ 1,000 ಬಾರ್ ಮೀರಬಹುದಾಗಿದ್ದು, ಡೀಸೆಲ್ ಚಿಮ್ಮಿದರೆ ಚರ್ಮ ಸೀಳಿ ಒಳಹೋಗುತ್ತದೆ. ಅದಕ್ಕೆ ಒಂದೊಂದೇ ಸಿಲಿಂಡರನ್ನು ನಿಲ್ಲಿಸಿ ನೋಡುವ ಸ್ಕ್ಯಾನರಿನ ಸಿಲಿಂಡರ್ ಕಟ್‌ಔಟ್ ಪರೀಕ್ಷೆಯಿದೆ.

ಶಿರಾಡಿ ಘಾಟಿ ಹತ್ತಿ ಬಿಸಿಯಾದ ಕಾಮನ್ ರೈಲ್ ಲಾರಿ ಚಹಾಕ್ಕೆ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಆ ದೋಷ ಬೇರೆಯದು. ಬಿಸಿ ಡೀಸೆಲ್ ತೆಳುವಾಗಿ, ಸವೆದ ಇಂಜೆಕ್ಟರಿನಿಂದ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪಿಗೆ ಹೆಚ್ಚು ಹರಿಯುವುದರಿಂದ ರೈಲಿನಲ್ಲಿ ಸ್ಟಾರ್ಟಿಗೆ ಬೇಕಾದ ಒತ್ತಡ ಏರುವುದಿಲ್ಲ. ಪ್ರತಿ ಇಂಜೆಕ್ಟರಿನ ರಿಟರ್ನನ್ನು ಬೇರೆ ಬೇರೆ ಬಾಟಲಿಯಲ್ಲಿ ಹಿಡಿದು, ಯಾವುದರಲ್ಲಿ ಮಟ್ಟ ಉಳಿದವುಗಳಿಗಿಂತ ಬೇಗ ಏರುತ್ತದೆ ಎಂದು ನೋಡಬೇಕು.